ಹಲಗೆ ಖಾಲಿಯಾಗುವ ಹೊತ್ತು

ಮೂರು ದಿನದಿಂದ ಲೆಕ್ಕ ಕೂಡುತ್ತಿಲ್ಲ.
ಒಂದು ಪ್ಯಾಕೆಟ್ಟಿಗೆ ಹನ್ನೆರಡು ಸಾವಿರ ಬಿಟ್ಟು,
ಸೆಕೆಂಡಿಗೆ ಕೋಟಿ ಬಿಟ್ಟು ನುಂಗುವ ತಂತಿ;
ತಲೆಯಿಂದ ಬಾಲದವರೆಗೆ ಅದರೊಳಗೆ ಇಳಿಯಲು
ಒಂದೂಕಾಲು ಮಿಲಿಸೆಕೆಂಡೂ ಬೇಡ.
ಆಮೇಲೆ ಲಿಸ್ಬನ್ನಿನವರೆಗೆ ಕಡಲಡಿಯ ದಾರಿ: ಎಂಟೂವರೆ.
ಎರಡು ಸಂಖ್ಯೆ, ನಡುವೆ ಒಂದು ಕೂಡುಗೀಟು, ಇಷ್ಟೇ.
ಆದರೂ ನನ್ನ ಕಂಪ್ಯೂಟರಿನೊಳಗಿನ ಅಟ್ಲಾಂಟಿಕ್
ಎಂಟು ಪಟ್ಟು ನಿಧಾನ.

ಓರ್ತಾದ ಹಡಗುಕಟ್ಟೆ. ಕಾಫಿ ಆರುತ್ತಿತ್ತು.
ಎದುರು ದ್ವೀಪದ ಶಿಖರ ಕತ್ತಿನ ತನಕ ಮೋಡ ಹೊದ್ದಿತ್ತು.
ಡೆಲ್ಫಿಂ, ಮೂವತ್ತು ವರ್ಷದಿಂದ ಹಲಗೆ ಕಾಯುವವನು,
ಕೈಸನ್ನೆಯಲ್ಲೇ ಒಂದೊಂದಾಗಿ ಒಳಗೆ ತಳ್ಳುತ್ತಿದ್ದ:
ಬ್ರೆಡ್ಡಿನ ವ್ಯಾನು, ಎರಡು ಹೋರಿಗಳ ಟ್ರಕ್ಕು,
ಹಿಮ್ಮುಖ ಬರಲು ಹೆದರುವ ಮೇಷ್ಟ್ರ ಕಾರು.

"ಹತ್ತಿಸಲು ಎಷ್ಟು ಹೊತ್ತು?"
"ಗಾಡಿ ಎಷ್ಟೋ ಅಷ್ಟು."
"ದಾಟಲು?"
"ಒಂದಿರಲಿ, ಇಪ್ಪತ್ತಿರಲಿ, ಅರ್ಧ ಗಂಟೆ.
ಕಡಲು ಗಾಡಿ ಎಣಿಸುವುದಿಲ್ಲ, ಗ್ರಾಸಾ."
"ಮತ್ತೆ ಮುಂದಿನ ಹಡಗು?"
ಹುಚ್ಚಿಯನ್ನು ನೋಡುವಂತೆ ನೋಡಿದ.
"ಇದು ಆಚೆ ಮುಟ್ಟುವ ತನಕ
ನಾನೇನು ಹಲಗೆ ಹಿಡಿದು ನಿಂತಿರುತ್ತೇನೆಯೇ?
ಕೊನೆಯ ಚಕ್ರ ಒಳಗೆ ಹೋಯಿತೋ, ಹಲಗೆ ಖಾಲಿ."

ನಾನು ನಿಲ್ಲಿಸಿದ್ದೆ.
ಪ್ರತಿ ಪ್ಯಾಕೆಟ್ಟೂ ಲಿಸ್ಬನ್ ಮುಟ್ಟುವವರೆಗೆ
ಹಲಗೆ ಹಿಡಿದಿರು ಎಂದು ನನ್ನ ಕೈಯಾರೆ ಬರೆದಿದ್ದೆ.
ಒಂದು ಸಾಲು ಅಳಿಸಿದೆ.
ಈಗ ಕಡಲಡಿ ಏಳು ಪ್ಯಾಕೆಟ್ಟು ಒಟ್ಟಿಗೆ,
ಒಂದರ ಬಾಲಕ್ಕೆ ಇನ್ನೊಂದರ ಮೂಗು.

ಲೆಕ್ಕ ಕೂಡಿತು. ಆದರೆ
ನನ್ನ ಕಡಲಿನಲ್ಲಿ ನೀರಿಲ್ಲ.
ಹೊರಟಿತು, ಒಂದು ಘಟನೆ. ತಲುಪಿತು, ಇನ್ನೊಂದು.
ನಡುವೆ ಯಾರೂ ಏನೂ ಬರೆದಿಲ್ಲವಾದ್ದರಿಂದ
ಗಡಿಯಾರ ಒಂದೇ ನೆಗೆತಕ್ಕೆ ಆಚೆ.

ನಾಲ್ಕರ ಹಡಗಿಗೆ ಅಕ್ಕ ಜುಲ್ಮೀರಾ ಹೊರಟಳು.
ಬೆಳಿಗ್ಗೆ ನಾನು ಆಡಿದ ಮಾತು
ಅವಳ ಚೀಲದ ಜೊತೆಗೇ ಒಳಗೆ ಹೋಯಿತು.
ಡೆಲ್ಫಿಂ ಆಗಲೇ ಮುಂದಿನ ಸಾಲಿಗೆ ಕೈ ಬೀಸುತ್ತಿದ್ದ.
ಬಿಳಿ ಚುಕ್ಕೆ ಅತ್ತ ದಡಕ್ಕೆ ತಾಗಲು
ಪೂರಾ ಅರ್ಧ ಗಂಟೆ; ಒಂದು ನಿಮಿಷವೂ ನೆಗೆಯಲಿಲ್ಲ.

ಫೋನಿನಲ್ಲಿ "ತಪ್ಪಾಯ್ತು" ಎಂದು ಬರೆದಾಗಿತ್ತು.
ಒತ್ತಿದರೆ ಕಣ್ಣೆವೆ ಬೀಳುವುದರೊಳಗೆ ಅಲ್ಲಿ.
ಹೆಬ್ಬೆರಳು ಮಾತ್ರ
ಇನ್ನೂ ಹಲಗೆ ಹಿಡಿದೇ ನಿಂತಿತ್ತು.