ಸಣ್ಣಿಯ ಅಂದಾಜು

ಸಾಣಿಕಟ್ಟೆಯ ಆಗರದಲ್ಲಿ ಮಾರ್ಚಿನ ಮೂರು ಗಂಟೆ.
ಸೀರೆ ಮೊಣಕಾಲಿಗೆತ್ತಿ ಕಟ್ಟಿ
ಸಣ್ಣಿ ಆಗೇರ ಮರದ ಹಲಗೆಯಲ್ಲಿ ಉಪ್ಪೆಳೆಯುತ್ತಿದ್ದಾಳೆ.
ಈ ಸಾಲಿಗೆ ಎಷ್ಟು ಚೀಲ, ಕೇಳಿದೆ.
"ಮೂವತ್ತು. ನಲವತ್ತೂ ಆಗ್ತದೆ.
ಮೋಡ ಬಂದ್ರೆ ನಾ ಹೇಳೂದಿಲ್ಲ."

ಇಷ್ಟು ನೇರವಾಗಿ ಬರೆಯಲು ನನಗಿನ್ನೂ ಬಂದಿಲ್ಲ.

ಅಲ್ಲಿ, ಭೂಮಿಯಷ್ಟೇ ಗಾತ್ರದ ಬಿಳಿ ಕುಬ್ಜವೊಂದು
ಪಕ್ಕದ ತಾರೆಯ ಮೈಯಿಂದ ಜಲಜನಕ ಕದ್ದು
ಹೊದ್ದು, ಹೊದ್ದು, ಸೆಕೆ ತಡೆಯದೆ
ಒಂದು ದಿನ ಚಾದರ ಹಾರಿಸಿಬಿಡುತ್ತದೆ.
ಆ ಕೆಲವೇ ನಿಮಿಷಗಳಲ್ಲಿ ಹುಟ್ಟುವ ಸೋಡಿಯಮ್ ಇಪ್ಪತ್ತೆರಡು
ನಮ್ಮ ಸಾರಿನ ಉಪ್ಪಿನಲ್ಲಿರುವುದರ ತಮ್ಮ;
ಒಂದು ನ್ಯೂಟ್ರಾನು ಕಡಿಮೆ, ಆಯುಷ್ಯವೂ ಕಡಿಮೆ.
ಆ ಬೆಂಕಿಯಲ್ಲೇ ಪ್ರೋಟಾನೊಂದು ಬಂದು ತಗುಲಿದರೆ
ಮೆಗ್ನೀಸಿಯಮ್ಮು. ತಮ್ಮ ಇಲ್ಲ.
ಎಷ್ಟು ಬೇಗ ತಗುಲುತ್ತದೆ?
ಒಬ್ಬರ ಪ್ರಯೋಗ ಒಂದು ವೇಗ ಹೇಳಿತು,
ಇನ್ನೊಬ್ಬರದು ಅದರ ಮೂರು ಪಟ್ಟು.

ಹಾಗಾಗಿ ಕುಮಟೆಯ ಬಾಡಿಗೆ ಕೋಣೆಯಲ್ಲಿ
ಅದೇ ನಕ್ಷತ್ರವನ್ನು ಹತ್ತು ಸಾವಿರ ಸಲ ಸಿಡಿಸುತ್ತಿದ್ದೇನೆ,
ಪ್ರತಿ ಸಲ ಆ ವೇಗಗಳನ್ನು
ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ಜಗ್ಗಿ.
ಮೊನ್ನೆ ಹೆಸ್ಕಾಂನವರು ಕರೆಂಟು ತೆಗೆದಾಗ
ಆರು ಸಾವಿರದ ನಾನೂರ ಹನ್ನೊಂದನೆಯದು
ಅರ್ಧ ಸಿಡಿದು ಹಾಗೇ ನಿಂತಿತು.
ಕತ್ತಲಲ್ಲಿ ಸೊಳ್ಳೆ ಹೊಡೆಯುತ್ತ ಕೂತೆ
ಅರೆಬೆಂದ ನಕ್ಷತ್ರದ ಪಕ್ಕ.

ಕೊನೆಗೆ ಸಿಗುವುದು ಹೊಟ್ಟೆಯುಬ್ಬಿದ ಒಂದು ಗೆರೆ:
ಇಲ್ಲಿಂದ ಅಲ್ಲಿಯವರೆಗೆ, ಎಲ್ಲಾದರೂ.
ತಮ್ಮ ಸಾಯುವಾಗ ಬಿಡುವ ಕಿರಣಕ್ಕೆ
ಮೇಲೆ ಉಪಗ್ರಹಗಳು ಕಣ್ಣು ಬಿಟ್ಟುಕೊಂಡಿವೆ.
ಇದುವರೆಗೆ ಕಂಡಿಲ್ಲ.

ಸಣ್ಣಿಗೆ ಇದನ್ನೆಲ್ಲ ಅರ್ಧಂಬರ್ಧ ಹೇಳಿದೆ.
ಹಲಗೆ ಊರಿ ನಿಂತಳು.
"ಗೊತ್ತಿಲ್ದೇ ಇದ್ದದ್ದು ಬರ್ಕಂಡ್ರೆ ಸಂಬಳ ಕೊಡ್ತ್ರಾ?"
ಕೊಡುತ್ತಾರೆ, ತಡವಾಗಿ, ಎಂದೆ.
"ನಮ್ಗೂ ತಡವೇ."

ಐದಕ್ಕೆ ಅಘನಾಶಿನಿಯ ಮೇಲೆ
ಹೊತ್ತಲ್ಲದ ಹೊತ್ತಿನ ಮೋಡ.
ತೆಂಗಿನ ಮಡಲು ಹೊತ್ತು ಓಡಿದೆವು, ರಾಶಿಗೆ ಹೊದಿಸಲು.
ಬಿದ್ದದ್ದು ನಾಲ್ಕು ಹನಿಯೋ ನಾನೂರೋ.
ಉಪ್ಪು ಕರಗುವಾಗ ಸದ್ದಿಲ್ಲ,
ಕೈಯ ಗಾಯ ಮಾತ್ರ ಚುರುಗುಟ್ಟಿತು.

ಮರುದಿನ ಗುಮಾಸ್ತ ಗಾಂವಕರರು ಎಣಿಸಿದರು:
ಇಪ್ಪತ್ತಾರು ಚೀಲ, ಮೇಲೊಂದು ಬುಟ್ಟಿ.
ಪುಸ್ತಕದಲ್ಲಿ ಬುಟ್ಟಿಗೆ ಕಾಲಂ ಇಲ್ಲ.
ಸಣ್ಣಿ ಅದನ್ನು ಸೊಂಟಕ್ಕೇರಿಸಿ ನಡೆದಳು,
ಮನೆಯಲ್ಲಿ ತಾರ್ಲೆ ಬಂದು ಬಿದ್ದಿವೆಯಂತೆ,
ಎಷ್ಟೋ ಏನೋ.