ಎಲ್ಲಿಂದ ಎಂಬ ಕಾಲಂ

ಜುಬೈಲ್ ಬಂದರಿನ ಹಿಂದೆ, ಆಗಸ್ಟಿನ ಭಾನುವಾರ, ರಾತ್ರಿ ಹನ್ನೊಂದೂವರೆ.
ಹೊರಗೆ ಗಾಳಿ ಹಿಂಡಿದರೆ ಉಪ್ಪುನೀರು.
ಒಳಗೆ ಸರ್ವರ್ ಕೋಣೆಯಲ್ಲಿ ಹದಿನೆಂಟು ಡಿಗ್ರಿ;
ಯಂತ್ರಗಳಿಗೆ ಸೆಕೆಯಾಗಬಾರದು.

ಕ್ಯಾಂಪಿನ ನೆಟ್ ಸತ್ತು ಮೂರು ದಿನ.
ಆಫೀಸಿನದು ಬದುಕಿತ್ತು, ಹಾಗಾಗಿ
ದೂರು ನನ್ನ ಮೇಜಿಗೆ ಬರಲೂ ಮೂರು ದಿನ.

ಈ ರೂಟರಿಗೆ ಎರಡು ದಾರಿ.
ಒಂದು ಫೈಬರ್: ಆಫೀಸಿಗೆ, ಹಡಗಿನ ಲೆಕ್ಕಕ್ಕೆ, ಮ್ಯಾನೇಜರನ ಮನೆಗೆ.
ಇನ್ನೊಂದು ಛಾವಣಿಯ ಮೇಲಿನ ಸಿಮ್ ಡಬ್ಬಿ,
ಮುನ್ನೂರು ಮಂದಿಗೆ.
ಸಾಮಾನ್ಯ ರೂಟರ್ ಕೇಳುವುದು ಒಂದೇ: ಎಲ್ಲಿಗೆ ಹೊರಟೆ?
ಢಾಕಾಕ್ಕೋ, ಸರಿ, ಹೀಗೆ ಹೋಗು.
ನಮ್ಮದಕ್ಕೆ ಪಾಲಿಸಿ ಕಲಿಸಿದ್ದೇವೆ:
ಎಲ್ಲಿಗೆ ಎನ್ನಬೇಡ, ಎಲ್ಲಿಂದ ಅನ್ನು.
ನನ್ನ ಸಂಬಳವನ್ನೂ ಪಾಸ್‌ಪೋರ್ಟ್ ನೋಡಿಯೇ ಬರೆದದ್ದು.
ಆ ಬಗ್ಗೆ ದೂರು ದಾಖಲಾಗಿಲ್ಲ.

ರೂಟರಿನೊಳಗೆ ಕೂತು ಪಿಂಗ್ ಹೊಡೆದೆ. ಹೋಯಿತು, ಬಂತು.
ಐದಕ್ಕೆ ಐದು.
ಎಲ್ಲ ಸರಿಯಿದೆ ಎಂದು ಬರೆಯಹೊರಟವನು
ನಾಲಗೆ ಕಚ್ಚಿಕೊಂಡೆ:
ರೂಟರ್ ತಾನೇ ಆಡುವ ಮಾತಿಗೆ
ಈ ಪಾಲಿಸಿ ತಗಲುವುದಿಲ್ಲ.
ಶಾನುಭೋಗನ ಜಗಲಿಯಲ್ಲಿ ಕೂತು
ಊರಿನ ಕಂದಾಯ ವಿಚಾರಿಸಿದ ಹಾಗೆ.

ಲ್ಯಾಪ್‌ಟಾಪ್ ಕಂಕುಳಲ್ಲಿ, ಕ್ಯಾಂಪಿನ ಗೇಟಿಗೆ ನಡೆದೆ.
ಸರ್‌ಹಾನ್ ರಿಜಿಸ್ಟರ್ ತಿರುಗಿಸಿ ಕೊಟ್ಟ.
ಹೆಸರು: ವಲೇರಿಯನ್. ಎಲ್ಲಿಂದ: ಆಫೀಸು.
ಎಲ್ಲಿಗೆ ಎಂಬ ಕಾಲಂ ಇರಲೇ ಇಲ್ಲ.

ಇ ಬ್ಲಾಕು, ಹದಿನಾಲ್ಕನೇ ಕೋಣೆ.
ಮೊತಾಹರ್ ಮಂಚದ ಮೇಲಿನ ಒದ್ದೆ ಬನಿಯನ್ ಸರಿಸಿ ಜಾಗ ಮಾಡಿದ.
ಮಗಳಿಗೆ ಜ್ವರವಂತೆ, ಗುರುವಾರದ ಸುದ್ದಿ.
ಆಮೇಲಿನದು ಪರದೆಯ ಮೇಲೆ ತಿರುಗುತ್ತಲೇ ಇದೆ.

ಅಲ್ಲಿಂದ ಹೊಡೆದ ಪಿಂಗ್ ಹಿಂದಿರುಗಲಿಲ್ಲ.
ಜಾಡು ಹಿಡಿದೆ. ಮೊದಲ ಹೆಜ್ಜೆ ರೂಟರ್,
ಎರಡನೆಯದು ಫೈಬರಿನ ಕಡೆ,
ಆಮೇಲೆ ಸಾಲುಸಾಲು ನಕ್ಷತ್ರ.
ಆಫೀಸಿನ ಫೈರ್‌ವಾಲ್ ಗುರುತಿಲ್ಲದವರನ್ನು ಸದ್ದಿಲ್ಲದೆ ನುಂಗುತ್ತದೆ.
ಕಿಟಕಿಯಾಚೆ ಧೂಳಿನ ಆಕಾಶ, ಒಂದು ಚುಕ್ಕಿಯೂ ಇಲ್ಲ.

ಪಾಲಿಸಿ ತೆರೆದೆ.
ಪಟ್ಟಿ ಸರಿ. ಮಾಸ್ಕ್ ಸರಿ. ಮುಂದಿನ ಹೆಜ್ಜೆಯ ವಿಳಾಸ ಸರಿ.
ಹೊಂದಿಕೆಯಾದ ಪ್ಯಾಕೆಟ್ಟುಗಳು: ಸೊನ್ನೆ.
ಅಂದರೆ ತಡೆದರೆಂದಲ್ಲ,
ಎಲ್ಲಿಂದ ಎಂದು ಯಾರೂ ಕೇಳಲೇ ಇಲ್ಲ ಎಂದು.

ಕ್ಯಾಂಪನ್ನು ಹೊಸ ಇಂಟರ್‌ಫೇಸಿಗೆ ಬದಲಿಸಿದ್ದಾರೆ.
ಜನ ಬರುತ್ತಿರುವುದು ಈ ಬಾಗಿಲಿಂದ,
ಕಾವಲಿನವನು ಹಳೇ ಬಾಗಿಲಲ್ಲಿ
ಖಾಲಿ ಓಣಿ ನೋಡುತ್ತ ನೆಟ್ಟಗೆ ನಿಂತಿದ್ದಾನೆ.
ಬದಲಿಸಿದ್ದು ಯಾರು? ಲಾಗ್ ನೋಡಿದೆ.
ಗುರುವಾರ, ಐದಕ್ಕೆ ಎರಡು ನಿಮಿಷ.
ನನ್ನದೇ ಹೆಸರು.

ಒಂದು ಸಾಲು ಅಲ್ಲಿಂದ ಕಿತ್ತು ಇಲ್ಲಿ ನೆಟ್ಟೆ.
ಸೊನ್ನೆ. ಸೊನ್ನೆ. ಹದಿನೇಳು. ಇನ್ನೂರಾರು.
ಓಣಿಯುದ್ದಕ್ಕೂ ಫೋನುಗಳು ಟಿಣ್ ಟಿಣ್,
ಬಚ್ಚಲಿಂದ ಒಬ್ಬ ಸೋಪಿನ ಕೈಯಲ್ಲೇ ಓಡಿಬಂದ.
ಮೊತಾಹರನ ಅಂಗೈಯಲ್ಲಿ ಚೌಕ ಚೌಕವಾಗಿ ಒಂದು ಪುಟ್ಟ ಮುಖ,
ತುಟಿ ಮೊದಲು, ಮಾತು ಆಮೇಲೆ.
ಸಿಮ್ ಡಬ್ಬಿಯ ದಾರಿ, ಹೀಗೇ.
ಪಾಲಿಸಿ ಈಗ ಹೇಳಿದಂತೆ ಕೇಳುತ್ತಿದೆ.

ಅವನು ಚಹಾ ಕೊಟ್ಟ.
ತಪ್ಪು ಯಾರದೆಂದು ಕೇಳಲಿಲ್ಲ. ಕುಡಿದೆ.

ಗೇಟಿನಲ್ಲಿ ಸರ್‌ಹಾನ್ ಮತ್ತೆ ರಿಜಿಸ್ಟರ್ ಚಾಚಿದ.
ಎಲ್ಲಿಂದ?
ಸೆಕೆಗೆ ಕಾಗದ ಮೆತ್ತಗಾಗಿತ್ತು.
ಹದಿನಾಲ್ಕನೇ ಕೋಣೆ, ಎಂದು ಬರೆದೆ.
ಶಾಯಿ ಪಕ್ಕದ ಗೆರೆಗೂ ಹರಡಿತು.