ಎರಡನೇ ಡಬ್ಬಿ

ಟಿಬಿಲಿಸಿಯ ಅಂಚಿನ ನಮ್ಮ ಕಟ್ಟಡದಲ್ಲಿ
ಲಿಫ್ಟು ಹತ್ತಬೇಕಾದರೆ ನಾಣ್ಯ ಹಾಕಬೇಕು,
ಇಳಿಯುವುದು ಪುಕ್ಕಟೆ.
ಇಂಟರ್ನೆಟ್ಟಿಗೂ ಅದೇ ಲೆಕ್ಕ ಎಂದುಕೊಂಡಿದ್ದೆವು:
ಐದನೇ ಮಹಡಿಯ ನುಗ್ಜಾರನ ಮನೆಗೆ ಬಂದದ್ದು
ತಾನಾಗಿ ಕೆಳಗಿಳಿಯುತ್ತದೆ, ನೀರಿನ ಹಾಗೆ.

ನೀರೇನೋ ಇಳಿದಿತ್ತು.
ಒಂಬತ್ತು ವರ್ಷದ ಹಿಂದೆ, ಅವನ ಬಚ್ಚಲಿಂದ
ನಾಲ್ಕನೇ ಮಹಡಿಯ ಲಾಮಾರಾಳ ಸೂರಿಗೆ.
ಕಲೆ ಇನ್ನೂ ಇದೆ, ಚಹಾದ ಬಣ್ಣದ್ದು,
ಕುರಿಚರ್ಮ ಹರವಿಟ್ಟ ಆಕಾರ.
ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲ.
ಲಿಫ್ಟಿನಲ್ಲಿ ಒಟ್ಟಿಗೆ ಸಿಕ್ಕಿಬಿದ್ದರೆ
ಒಬ್ಬರು ಗುಂಡಿ ನೋಡುತ್ತಾರೆ, ಒಬ್ಬರು ಚಪ್ಪಲಿ.

ವೈಫೈ ಮಾತ್ರ ಇಳಿಯಲಿಲ್ಲ.
ಗೋಡೆಗೂ ಕಿವಿಯಿದೆ ಅಂತಾರೆ,
ಇರಬಹುದು, ಪಕ್ಕದ ಮನೆಯ ಜಗಳಕ್ಕೆ;
ಇದಕ್ಕೆ ನಮ್ಮ ಸೋವಿಯತ್ ಕಾಂಕ್ರೀಟು ಕಲ್ಲುಕಿವುಡು.
ಎರಡನೇ ಮಹಡಿಯಲ್ಲಿ ನಾನು
ಕಕ್ಕಸಿನ ಕಿಟಕಿಗೆ ಫೋನು ಎತ್ತಿ ಹಿಡಿದರೆ ಒಂದು ಗೆರೆ.
ಗೀವಿಯ ಮಗಳು ಪರೀಕ್ಷೆಗೆ ಓದುವುದು ಮೆಟ್ಟಿಲ ಮೇಲೆ,
ಕೋಟು ಹಾಕಿಕೊಂಡು.

ಮದ್ದು ಹಿತ್ತಲಲ್ಲೇ ಇತ್ತು.
ನುಗ್ಜಾರ್ ಮಂಚದಡಿಯಿಂದ ಎಳೆದ ಹಳೆಯ ರೌಟರು,
ಒಂದು ಕೊಂಬು ಮುರಿದದ್ದು, ಮೈತುಂಬ ಬೆಕ್ಕಿನ ಕೂದಲು.
ಕೇಬಲ್ಲನ್ನು ಮೆಟ್ಟಿಲ ಕಂಬಿಗೆ ಸುತ್ತಿ ಸುತ್ತಿ ಇಳಿಸಿ
ನಾಲ್ಕರ ತಿರುವಿನಲ್ಲಿ, ಮೀಟರ್ ಪೆಟ್ಟಿಗೆಯ ನೆತ್ತಿಯ ಮೇಲೆ
ಕೂರಿಸಿದೆ. ದೀಪಗಳು ಒಂದೊಂದಾಗಿ ಕಣ್ಣುಬಿಟ್ಟವು.
ಒಳಹೋಗಲು ಪಾಸ್‌ವರ್ಡು ಬೇಕು. ಅವನಿಗೆ ಮರೆತಿದೆ.
"ಅಳಿಸಿಬಿಡು!" ಮೇಲಿಂದ ಕೂಗಿದ.
ಅಳಿಸಲು ಹಿಂಬದಿಯಲ್ಲೊಂದು ತೂತು, ಸೂಜಿಮೊನೆಯಷ್ಟು;
ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ
ಹಿಂದಿನದೆಲ್ಲ ಮರೆತು
ಅಂಗಡಿಯಿಂದ ಬಂದ ದಿನಕ್ಕೆ ಮರಳುತ್ತದೆ.

ಸೂಜಿಗೆಂದು ಲಾಮಾರಾಳ ಬಾಗಿಲು ತಟ್ಟಿದೆ.
ದರ್ಜಿ ಅವಳು. ಹಂಚಿಕೆಯ ಪಟ್ಟಿಯಲ್ಲಿ
ಅವಳ ಹೆಸರಿರಲಿಲ್ಲ, ಯಾರೂ ಕೇಳಿರಲಿಲ್ಲ.
ತುಟಿಯಂಚಿನದನ್ನೇ ತೆಗೆದು ಕೊಟ್ಟಳು.

ಆಗ ಒಳಗೆ, ಹೊಲಿಗೆ ಯಂತ್ರದ ಪಕ್ಕ,
ಇಸ್ಪೀಟು ಆಡಲಷ್ಟೇ ಇಟ್ಟ ಹಳೆಯ ಟ್ಯಾಬ್ಲೆಟ್ಟು
ಟಿಣ್ ಅಂದಿತು.
ಟಿಣ್, ಟಿಣ್, ಟಿಣ್,
ಎಂದೋ ಕಳಿಸಿದ ಹುಟ್ಟುಹಬ್ಬದ ಹಾರೈಕೆ, ಯಾರದೋ ಮದುವೆಯ ಚಿತ್ರ.
ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ.
ಗುರುತು ಹಿಡಿದು ತಾನೇ ಹೋಗಿ ಸೇರಿಕೊಂಡಿತ್ತು,
ಕೊಟ್ಟಿಗೆ ಮರೆಯದ ಹಸುವಿನ ಹಾಗೆ.

ಪರದೆಯಲ್ಲಿ ಜಾಲದ ಹೆಸರು: ಐದು-ನಾಲ್ಕು.
ಯಾವುದೋ ಮಾಡೆಲ್ ನಂಬರು ಎಂದುಕೊಂಡೆ ಮೊದಲು.
ಆಮೇಲೆ ಅವಳ ಬಾಗಿಲ ಮೇಲಿನ ಅಂಕೆ ನೋಡಿದೆ.

"ಸೂಜಿ ಕೊಡು ಇಲ್ಲಿ," ಅಂದಳು,
"ತೋಳು ಅರ್ಧಕ್ಕೆ ನಿಂತಿದೆ."
ಸೂರಿನ ಕಲೆ ನೋಡುತ್ತ ಪಾಸ್‌ವರ್ಡು ಹೇಳಿದಳು
ಒಂದಕ್ಷರ ತಡವರಿಸದೆ.
"ಎಲ್ಲದಕ್ಕೂ ಒಂದೇ ಇಡುವವನು ಅವನು."

ಉಳಿದದ್ದು ಸಣ್ಣ ಕೆಲಸ.
ಒಂದೇ ಪಂಕ್ತಿಗೆ ಇಬ್ಬರು ಬಡಿಸಲು ನಿಂತರೆ
ಒಂದೆಲೆಗೆ ಎರಡು ಸಲ, ಇನ್ನೊಂದು ಖಾಲಿ;
ವಿಳಾಸ ಹಂಚುವುದು ಮೇಲಿನ ಡಬ್ಬಿಗೇ ಇರಲಿ,
ಇದು ಬರೀ ಹೊತ್ತು ತರಲಿ.
ಮತ್ತೆ, ಎರಡಕ್ಕೂ ಒಂದೇ ಹೆಸರಿರಬೇಕು,
ಮಾತಾಡುತ್ತ ಮೆಟ್ಟಿಲು ಹತ್ತುವವರ ಮಾತು ಕಡಿಯದ ಹಾಗೆ.

ಮೇಲೆ ಹೋಗಿ ಹೇಳಿದೆ.
"ಯಾವ ಹೆಸರು?" ಅಂದ. ಹೇಳಿದೆ.
ಕಾಫಿ ಉಕ್ಕಿ ಒಲೆಗೆ ಬಿತ್ತು.
"ಪಾಸ್‌ವರ್ಡು?"
"ಅದೂ ಹಳೆಯದೇ."
ಒಲೆ ಒರೆಸತೊಡಗಿದ, ತುಂಬ ಹೊತ್ತು ಒರೆಸಿದ.

ತಿಂಗಳ ಕೊನೆಗೆ ಅವನ ಬಾಗಿಲ ಸಂದಿಯಲ್ಲಿ
ಐದರ ನೋಟು,
ದಾರದುಂಡೆಯ ಚೀಟಿಯಲ್ಲಿ ಮಡಿಸಿದ್ದು.

ಮಾತು? ಇನ್ನೂ ಇಲ್ಲ.
ಹೆಸರು ಒಂದೇ, ಚಾನೆಲ್ಲು ಮಾತ್ರ ಬೇರೆ ಇಟ್ಟಿದ್ದೇನೆ,
ಒಂದಕ್ಕೆ ಆರು, ಇನ್ನೊಂದಕ್ಕೆ ಹನ್ನೊಂದು.
ಇಷ್ಟು ಹತ್ತಿರದಲ್ಲಿ
ಒಂದರ ಮೇಲೊಂದು ಬೀಳಬಾರದಲ್ಲ.